ಪಾರ್ಕಿನ ಐಸ್ ರಿಂಕ್: ನೀರು ಬಿಡೋರು ಯಾರು, ದುಡ್ಡು ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಕೆನಡಾದ ಒಟ್ಟಾವಾದಲ್ಲಿ. ಮನೆ ಹಿಂದಿನ ಪಾರ್ಕಿನಲ್ಲಿ ಪ್ರತಿ ಚಳಿಗಾಲಕ್ಕೂ ಒಂದು ಐಸ್ ರಿಂಕ್, ಅಂದರೆ ಸ್ಕೇಟ್ ಕಟ್ಟಿಕೊಂಡು ಜಾರಿ ಆಡುವ ಐಸಿನ ಅಂಗಳ, ಮಾಡುತ್ತೇವೆ. ಆ ಗುಂಪಿನಲ್ಲಿ ನನಗೆ ಇದು ಆರನೇ ಚಳಿಗಾಲ. ಹೊಸದಾಗಿ ಬಂದ ಕನ್ನಡದ ಮನೆಯವರು, ಊರಿಂದ ಮಕ್ಕಳ ಮನೆಗೆ ಬಂದ ಹಿರಿಯರು ರಿಂಕಿನ ಪಕ್ಕ ನಿಂತು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಿಮ್ಮ ಪಾರ್ಕಿನಲ್ಲೂ ಒಂದು ರಿಂಕ್ ಆಗಲಿ ಅನ್ನುವ ಆಸೆ ನನಗಿದೆ.

ಇದು ಸರ್ಕಾರದ ರಿಂಕಾ, ಜನರದ್ದಾ?

ಎರಡೂ ಹೌದು. ಪಾರ್ಕು ಸಿಟಿಯದ್ದು, ಅಂದರೆ ನಗರಪಾಲಿಕೆಯದ್ದು. ನೀರು, ದೀಪ, ಬೋರ್ಡು (ರಿಂಕಿನ ಸುತ್ತಲಿನ ಹಲಗೆಯ ಗೋಡೆ) ಸಾಮಾನ್ಯವಾಗಿ ಸಿಟಿಯದ್ದೇ. ಆದರೆ ನೀರು ಬಿಡೋದು, ಹಿಮ ಗುಡಿಸೋದು, ಬೀಗ ತೆಗೆಯೋದು ಅಕ್ಕಪಕ್ಕದ ಮನೆಯವರು. ಒಟ್ಟಾವಾದಲ್ಲಿ ಹೀಗೆ 200ಕ್ಕೂ ಹೆಚ್ಚು ಹೊರಾಂಗಣ ರಿಂಕುಗಳಿವೆ. ಅವುಗಳಲ್ಲಿ ಹೆಚ್ಚಿನವು ಬಡಾವಣೆಯ ಸಂಘಗಳ ಕೈಯಲ್ಲಿವೆ. ಸಿಟಿ ಅವರಿಗೆ ಒಂದಷ್ಟು ಅನುದಾನ ಕೊಡುತ್ತದೆ. ಮರದ ಬೋರ್ಡು ಕಟ್ಟಿದ ಹಾಕಿ ರಿಂಕ್ ಬೇರೆ, ಬೋರ್ಡಿಲ್ಲದೆ ಸುಮ್ನೆ ನೆಲದ ಮೇಲೆ ಹರಡಿದ ರಿಂಕ್ ಬೇರೆ. ಬೋರ್ಡಿಲ್ಲದ್ದನ್ನು ಇಲ್ಲಿ ಎಲ್ಲರೂ ‘ಪಡ್ಲ್’ ಅನ್ನುತ್ತಾರೆ. ಪುಟ್ಟ ಮಕ್ಕಳು ಮೊದಲು ನಿಲ್ಲಲು ಕಲಿಯೋದು ಅಲ್ಲೇ.

ಯಂತ್ರವೇ ಇಲ್ಲದೆ ಐಸ್ ಹೇಗೆ ನಿಲ್ಲುತ್ತೆ?

ಚಳಿಯೇ ಯಂತ್ರ. ರಾತ್ರಿ ಮೈನಸ್ 10 ಡಿಗ್ರಿ, ಹಗಲು ಸೊನ್ನೆಗಿಂತ ಕೆಳಗೆ, ಹೀಗೆ ನಾಲ್ಕೈದು ದಿನ ಸತತವಾಗಿ ಇದ್ದರೆ ಕೆಲಸ ಶುರು ಮಾಡಬಹುದು. ನೆಲವೂ ಗಟ್ಟಿಯಾಗಿ ಹೆಪ್ಪುಗಟ್ಟಿರಬೇಕು. ಇಲ್ಲಿ ಅದು ಹೆಚ್ಚಾಗಿ ಡಿಸೆಂಬರ್ ಕೊನೆಗೆ ಕೂಡಿಬರುತ್ತದೆ. ಮೊದಲ ಹಿಮ ಬಿದ್ದ ತಕ್ಷಣ ಪೈಪು ಹಿಡಿದು ಓಡಿದರೆ ನೀರೆಲ್ಲ ಮಣ್ಣಿಗೆ ಇಂಗಿ ಹೋಗುತ್ತದೆ. ನಾವೂ ಮೊದಲ ವರ್ಷ ಹಾಗೇ ಎರಡು ರಾತ್ರಿ ಕಳೆದುಕೊಂಡೆವು.

ಮೊದಲ ಪದರ ಹಾಕೋದು ಹೇಗೆ?

ಊರಲ್ಲಿ ಅಂಗಳ ಸಾರಿಸಿದ್ದನ್ನು ನೋಡಿದ್ದೀರಲ್ವಾ? ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ತೆಳ್ಳಗೆ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು. ಇದೂ ಹಾಗೇ.

ಮೊದಲು ಬಿದ್ದ ಹಿಮವನ್ನು ಎತ್ತಿ ಹಾಕಬೇಡಿ. ಅದೇ ತಳಪಾಯ. ಐದಾರು ಜನ ಸಾಲಾಗಿ ನಿಂತು ಬೂಟುಗಾಲಲ್ಲಿ ತುಳಿಯಿರಿ. ಉರುಳೆ ಸಿಕ್ಕರೆ ಇನ್ನೂ ಒಳ್ಳೆಯದು. ಮಕ್ಕಳನ್ನು ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯೋಕೆ ಬಿಟ್ಟರೂ ಆಯಿತು, ಅವರಿಗೆ ಆಟ, ನಮಗೆ ಕೆಲಸ. ನೆಲ ಸಮವಾದ ಮೇಲೆ ನೀರನ್ನು ತುಂತುರಾಗಿ, ಮೇಲಕ್ಕೆ ಎತ್ತಿ ಬಿಡಿ. ಹಿಮ ನೀರು ಕುಡಿದು ಮೆತ್ತಗೆ, ರುಬ್ಬಿದ ಹಿಟ್ಟಿನ ಹಾಗಾಗುತ್ತದೆ. ಅದು ರಾತ್ರಿ ಕಟ್ಟಿಕೊಂಡರೆ ತಳದ ತೂತುಗಳೆಲ್ಲ ಮುಚ್ಚುತ್ತವೆ. ಮಾರನೇ ರಾತ್ರಿ ಮತ್ತೆ ತುಂತುರು. ತಳ ಮುಚ್ಚಿ, ನೀರು ಇಂಗದೆ ಮೇಲೆ ನಿಲ್ಲತೊಡಗಿದ ಮೇಲೆ ಮಾತ್ರ ಪೈಪನ್ನು ಪೂರ್ತಿ ತೆರೆಯಬೇಕು.

ಆಮೇಲೂ ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರ್ ಸಾಕು. ಮೈನಸ್ 15ರ ಚಳಿಯಲ್ಲಿ ಅಷ್ಟು ನೀರು ಗಂಟೆಯೊಳಗೆ ಕಟ್ಟುತ್ತದೆ. ಒಂದೇ ಸಲ ಎರಡು ಇಂಚು ಬಿಟ್ಟರೆ ಮೇಲೆ ಹೊಳೆಯುವ ಚರ್ಮ ಬರುತ್ತದೆ, ಕೆಳಗೆ ನೀರು ಹಾಗೇ ಇರುತ್ತದೆ. ಬೆಳಿಗ್ಗೆ ಯಾರಾದರೂ ಕಾಲಿಟ್ಟರೆ ಪಟ್ಟನೆ ಒಡೆದು ಎಲ್ಲ ಹಾಳು. ಒಟ್ಟು ನಾಲ್ಕು ಇಂಚು ದಪ್ಪ ಆಗುವ ತನಕ ಹತ್ತು ಹನ್ನೆರಡು ರಾತ್ರಿ ಬೇಕೇ ಬೇಕು. ಇಲ್ಲಿ ಅವಸರ ಮಾಡಿದವರ ರಿಂಕ್ ಜನವರಿಯ ಮೊದಲ ಬಿಸಿಲಿಗೇ ಕರಗಿಹೋಗೋದನ್ನು ನೋಡಿದ್ದೇನೆ.

ರಾತ್ರಿ ಹೊತ್ತೇ ಯಾಕೆ ನೀರು ಬಿಡಬೇಕು?

ಹಗಲು ಮಕ್ಕಳು ಆಡುತ್ತಿರುತ್ತಾರೆ. ಜೊತೆಗೆ ಮೈನಸ್ 5 ಇದ್ದರೂ ಬಿಸಿಲು ಬಿದ್ದ ಕಡೆ ನೀರು ಕಟ್ಟಲ್ಲ. ಹಾಗಾಗಿ ರಾತ್ರಿ ಹತ್ತರ ಮೇಲೆ, ದೀಪ ಆರಿಸಿ, ಎಲ್ಲರೂ ಮನೆಗೆ ಹೋದ ಮೇಲೆ ನಮ್ಮ ಸರದಿ.

ನನ್ನ ಅಪ್ಪ ಊರಲ್ಲಿ ರಾತ್ರಿ ಕರೆಂಟು ಬಂದಾಗ ಎದ್ದು ಪಂಪ್‌ಸೆಟ್ ಹಾಕಿ ಗದ್ದೆಗೆ ನೀರು ಕಟ್ಟುತ್ತಿದ್ದರು. ಕೈಯಲ್ಲಿ ಬ್ಯಾಟರಿ, ಹೆಗಲ ಮೇಲೆ ಗುದ್ದಲಿ. ಹಿಂದಿನ ವರ್ಷ ಇಲ್ಲಿಗೆ ಬಂದಾಗ ಒಂದು ರಾತ್ರಿ ನನ್ನ ಜೊತೆ ರಿಂಕಿಗೆ ಬಂದರು. ಎರಡು ಸ್ವೆಟರ್, ಮೇಲೊಂದು ಜಾಕೆಟ್, ತಲೆಗೆ ಮಫ್ಲರ್. ನಾನು ಪೈಪ್ ಬೀಸೋದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ “ಆ ಮೂಲೆ ತಗ್ಗಿದೆ ಮಗಾ, ನೀರು ಅಲ್ಲಿಗೇ ಓಡ್ತಿದೆ, ಅಲ್ಲೊಂದು ಬದು ಹಾಕು” ಅಂದರು. ಹಿಮವನ್ನು ಒಟ್ಟಿ ಬದು ಹಾಕಿದೆ. ನೀರು ನಿಂತಿತು. ವರ್ಷಗಳಿಂದ ನಮಗೆ ತಲೆನೋವಾಗಿದ್ದ ಮೂಲೆ ಅದು!

ಎಷ್ಟು ನೀರು ಬೇಕು? ಸುಮ್ನೆ ಪೋಲಲ್ವಾ?

ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದವರು ಈ ಪ್ರಶ್ನೆ ಕೇಳಲೇಬೇಕು. ಲೆಕ್ಕ ಹೀಗಿದೆ. ರಿಂಕ್ 20 ಮೀಟರ್ ಅಗಲ, 40 ಮೀಟರ್ ಉದ್ದ ಅಂದುಕೊಳ್ಳಿ. 800 ಚದರ ಮೀಟರ್. ಒಂದು ಮಿಲಿಮೀಟರ್ ಪದರಕ್ಕೆ 800 ಲೀಟರ್ ನೀರು. ನೀರು ಐಸ್ ಆಗುವಾಗ ಒಂಚೂರು ಹಿಗ್ಗುತ್ತದೆ, ಹಾಗಾಗಿ ಹತ್ತು ಸೆಂಟಿಮೀಟರ್ ಐಸ್‌ಗೆ ಸುಮಾರು 73 ಸಾವಿರ ಲೀಟರ್, ಅಂದರೆ 12 ಸಾವಿರ ಲೀಟರಿನ ಆರು ಟ್ಯಾಂಕರ್. ಆಮೇಲೆ ದಿನದ ರಿಪೇರಿಗೆ ಬೇರೆ.

ಕಮ್ಮಿಯೇನಲ್ಲ. ಆದರೆ ಇಲ್ಲಿ ಚಳಿಗಾಲದಲ್ಲಿ ತೋಟಕ್ಕೆ ಯಾರೂ ನೀರು ಹಾಕಲ್ಲ, ನಗರದ ನೀರಿನ ಬಳಕೆ ಬೇಸಗೆಗಿಂತ ಕಮ್ಮಿ ಇರುತ್ತದೆ. ವಸಂತದಲ್ಲಿ ಇದೇ ನೀರು ಕರಗಿ ಪಾರ್ಕಿನ ಹುಲ್ಲಿಗೆ ಇಳಿಯುತ್ತದೆ. ಹಾಗಂತ ನಲ್ಲಿ ತೆರೆದಿಟ್ಟು ಚಹಾ ಕುಡಿಯೋಕೆ ಹೋಗೋರನ್ನು ನಾನು ಸುಮ್ಮನೆ ಬಿಡಲ್ಲ.

ಬಿಸಿ ನೀರು ಹಾಕಿದರೆ ಐಸ್ ಚೆನ್ನಾಗಿ ಬರುತ್ತಂತೆ, ನಿಜವಾ?

ನಿಜ. ಬಿಸಿ ನೀರು ಹಳೇ ಐಸ್‌ನ ಮೇಲ್ಮೈಯನ್ನು ಒಂಚೂರು ಕರಗಿಸಿ ಅದರ ಜೊತೆ ಬೆಸೆದುಕೊಳ್ಳುತ್ತದೆ. ಅದರಲ್ಲಿ ಕರಗಿದ ಗಾಳಿಯೂ ಕಮ್ಮಿ, ಹಾಗಾಗಿ ಐಸ್ ಗಟ್ಟಿ. ಒಳಾಂಗಣ ರಿಂಕುಗಳಲ್ಲಿ ಓಡಾಡುವ ಝಂಬೋನಿ ಗಾಡಿ ಇದನ್ನೇ ಮಾಡೋದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಝಂಬೋನಿ ಅನ್ನುವವರು 1949ರಲ್ಲಿ ಅದನ್ನು ತಯಾರಿಸಿದರು. ಪಾರ್ಕಿನ ರಿಂಕಿಗೆ ತಣ್ಣೀರೇ ಸಾಕು. ಕೊನೆಯ ಪದರ ಕನ್ನಡಿ ಹಾಗೆ ಬರಬೇಕು ಅಂದರೆ ಡ್ರಮ್ಮಿನಲ್ಲಿ ಬಿಸಿ ನೀರು ತಂದು, ಸ್ಲೆಡ್ ಮೇಲಿಟ್ಟು, ಹಿಂದೆ ಟವಲ್ ಎಳೆದುಕೊಂಡು ಹೋಗುವ ಸಾಧನ ಮನೆಯಲ್ಲೇ ಮಾಡಿಕೊಳ್ಳಬಹುದು.

ಪೈಪಿನ ವಿಷಯದಲ್ಲಿ ಯಾಕೆ ಅಷ್ಟು ಕಟ್ಟುನಿಟ್ಟು?

ಎರಡನೇ ವರ್ಷ ನೀರು ಬಿಟ್ಟು ಮುಗಿಸಿ, ಕೈ ಮರಗಟ್ಟಿತ್ತು ಅಂತ ಪೈಪನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ನೂರಡಿ ಪೈಪು ಕಬ್ಬಿಣದ ಸರಳಿನ ಹಾಗೆ ಬಿದ್ದಿದೆ. ಒಳಗೆಲ್ಲ ಐಸ್. ಬಗ್ಗಿಸಲು ಹೋದೆ, ಎರಡು ಕಡೆ ಸೀಳಿತು. ಇಬ್ಬರು ಅದನ್ನು ಹಾಗೇ ಹೊತ್ತು ರಿಂಕಿನ ಪಕ್ಕದ ಗುಡಿಸಲಿನ ಒಳಗೆ ಹೀಟರ್ ಪಕ್ಕ ತಂದಿಟ್ಟೆವು. ಮೂರು ದಿನ ನೀರು ಬಿಡಲು ಆಗಲಿಲ್ಲ, ಆ ಮೂರೇ ದಿನ ಆ ವರ್ಷದ ಒಳ್ಳೆ ಚಳಿ ಇತ್ತು.

ಹಾಗಾಗಿ ನಿಯಮ ಒಂದೇ. ನೀರು ನಿಲ್ಲಿಸಿದ ತಕ್ಷಣ ಪೈಪಿನ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ತುದಿಯ ಕಡೆಗೆ ನಡೆಯುತ್ತಾ ಪೂರ್ತಿ ನೀರು ಬಸಿಯಬೇಕು. ಆಮೇಲೆ ಸುತ್ತಿ ಬೆಚ್ಚಗಿನ ಕೋಣೆಯಲ್ಲಿ ಇಡಬೇಕು. ನಲ್ಲಿಯೂ ಬಸಿದಿದೆಯಾ ಅಂತ ನೋಡಬೇಕು. ಇದಾದ ಮೇಲೇ ಮನೆ.

ಹಿಮ ಬಿದ್ದ ದಿನ ಏನು ಮಾಡ್ತೀರಿ?

ಮೊದಲ ಕೆಲಸವೇ ಹಿಮ ತೆಗೆಯೋದು. ಹಿಮ ಐಸ್‌ಗೆ ಕಂಬಳಿ ಹೊದಿಸಿದ ಹಾಗೆ, ಚಳಿ ಒಳಗೆ ಇಳಿಯಲು ಬಿಡಲ್ಲ. ಮೇಲೆ ಬಿಸಿಲು ಬಿದ್ದು ಅರೆಕರಗಿ ಮತ್ತೆ ಕಟ್ಟಿದರೆ ರಿಂಕಿನ ಮೈಯೆಲ್ಲ ಗಂಟು ಗಂಟು. ಹತ್ತು ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ನಾನು ಹೇಳಿದ ಅಳತೆಯ ರಿಂಕಿನ ಮೇಲೆ ಸುಮಾರು ಎಂಟು ಟನ್ ತೂಕ. ಒಬ್ಬರೇ ಸಲಿಕೆ ಹಿಡಿದರೆ ಸೊಂಟ ಹೋಗುತ್ತದೆ. ನಾಲ್ಕು ಜನ ಅಗಲದ ಸಲಿಕೆ ಹಿಡಿದು ಸಾಲಾಗಿ ತಳ್ಳಿದರೆ ಒಂದು ಗಂಟೆಯ ಕೆಲಸ. ಎತ್ತಬೇಡಿ, ತಳ್ಳಿ.

ಐಸ್‌ನಲ್ಲಿ ಎಲೆಯ ಆಕಾರದ ಹೊಂಡ ಬಿದ್ದಿದೆ, ಯಾರು ಕೊರೆದರು?

ಎಲೆಯೇ ಕೊರೆದದ್ದು. ಒಣಗಿದ ಮೇಪಲ್ ಎಲೆ ಕಂದು ಬಣ್ಣ, ಬಿಸಿಲನ್ನು ಹೀರಿಕೊಂಡು ಬಿಸಿಯಾಗುತ್ತದೆ, ತನ್ನ ಅಡಿಯ ಐಸನ್ನು ಕರಗಿಸುತ್ತಾ ಕೆಳಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಐದು ಮೂಲೆಯೂ ಅಚ್ಚುಕಟ್ಟಾಗಿ ಮೂಡಿದ ಒಂದು ಗುಂಡಿ, ತಳದಲ್ಲಿ ಒದ್ದೆ ಎಲೆ. ನೋಡಲು ತುಂಬಾ ಚಂದ. ಆದರೆ ಸ್ಕೇಟಿನ ಬ್ಲೇಡು ಅದರಲ್ಲಿ ಸಿಕ್ಕಿದರೆ ಮೂತಿ ಒಡೆಯುತ್ತದೆ. ಎಲೆ, ಕಡ್ಡಿ, ಬಿದ್ದ ಕೈಗವಸು ಎಲ್ಲವನ್ನೂ ಕಂಡ ತಕ್ಷಣ ಎತ್ತಿ. ಗುಂಡಿಗೆ ಹಿಮ ತುಂಬಿ, ನೀರು ಸುರಿದು, ಕಾಲಲ್ಲಿ ಒತ್ತಿ ಸಮ ಮಾಡಿ. ಬಿರುಕಿಗೂ ಇದೇ ಔಷಧ.

ಬೆಳ್ಳಗೆ, ತುಳಿದರೆ ಟೊಳ್ಳು ಸದ್ದು ಬರುವ ಜಾಗ?

ಕೆಳಗಿನ ನೀರು ಇಂಗಿ ಹೋಗಿ, ಮೇಲಿನ ಪದರ ಮಾತ್ರ ಗಾಳಿಯ ಮೇಲೆ ನಿಂತಿದೆ. ಅದರ ಮೇಲೆ ನೀರು ಬಿಟ್ಟರೆ ಪ್ರಯೋಜನ ಇಲ್ಲ. ಪೂರ್ತಿ ಒಡೆದು, ಚೂರು ತೆಗೆದು, ಒದ್ದೆ ಹಿಮ ತುಂಬಿ ಮೊದಲಿಂದ ಕಟ್ಟಬೇಕು.

ದುಡ್ಡು ಎಲ್ಲಿಂದ ಬರುತ್ತೆ?

ನಮಗೆ ನಾಲ್ಕು ದಾರಿ. ಒಂದು, ಸಿಟಿಯ ಅನುದಾನ. ಅರ್ಜಿ ಹಾಕೋದು ಚಳಿ ಬರುವ ಮೊದಲೇ, ಹಾಗಾಗಿ ಸೆಪ್ಟೆಂಬರ್‌ನಲ್ಲೇ ಕಾಗದಪತ್ರ ಸಿದ್ಧ ಮಾಡಿಕೊಳ್ಳಿ. ರಿಂಕಿನ ಬಗೆ, ಸ್ಕೇಟ್ ಹಾಕಿ ಬಿಚ್ಚುವ ಕೋಣೆ ಇದೆಯಾ, ಯಾರಾದರೂ ಕೂತು ನೋಡಿಕೊಳ್ಳುತ್ತಾರಾ ಅನ್ನೋದರ ಮೇಲೆ ಮೊತ್ತ ಹೆಚ್ಚುಕಮ್ಮಿ ಆಗುತ್ತದೆ.

ಎರಡು, ಬಡಾವಣೆಯ ಸಂಘದ ಸದಸ್ಯತ್ವ. ಈ ವಿಷಯದಲ್ಲಿ ಎಡ್ಮಂಟನ್ ನಗರದಿಂದ ಕಲಿಯಬೇಕು. ಅಲ್ಲಿ ಬಡಾವಣೆಗೊಂದು ‘ಕಮ್ಯುನಿಟಿ ಲೀಗ್’. ಮೊದಲನೆಯದು 1917ರಲ್ಲಿ ಶುರುವಾಯಿತು, 1921ರಲ್ಲಿ ಎಲ್ಲ ಲೀಗುಗಳ ಒಕ್ಕೂಟವೂ ಆಯಿತು. ಮನೆಯವರು ವರ್ಷಕ್ಕೆ ಇಷ್ಟು ಅಂತ ಕಟ್ಟುತ್ತಾರೆ, ಅದರಿಂದ ರಿಂಕೂ ನಡೆಯುತ್ತದೆ, ಸಭಾಭವನವೂ ನಡೆಯುತ್ತದೆ. ನೂರು ವರ್ಷದಿಂದ ಹೀಗೆ ನಡೆಸಿಕೊಂಡು ಬಂದಿದ್ದಾರೆ ಅಂದರೆ ಸಣ್ಣ ಮಾತಲ್ಲ.

ಮೂರು, ಚಳಿಗಾಲದ ಹಬ್ಬ. ಫೆಬ್ರವರಿಯ ಒಂದು ಭಾನುವಾರ ಬಿಸಿ ಚಾಕೊಲೇಟ್, ಸೂಪು, ಮಕ್ಕಳಿಗೆ ಓಟ. ಎರಡು ವರ್ಷದಿಂದ ನಮ್ಮ ಕನ್ನಡದ ಮನೆಯವರು ಬಿಸಿ ಬೋಂಡ, ಶುಂಠಿ ಚಹಾ ಇಡುತ್ತಿದ್ದಾರೆ. ಮೈನಸ್ 12ರಲ್ಲಿ ಮೆಣಸಿನಕಾಯಿ ಬೋಂಡಕ್ಕೆ ಸಾಲು ನಿಂತದ್ದನ್ನು ನೀವು ನೋಡಬೇಕಿತ್ತು. ತಿನ್ನೋದು ಮಾರುವ ಮೊದಲು ಆರೋಗ್ಯ ಇಲಾಖೆಯ ನಿಯಮ ಕೇಳಿಕೊಳ್ಳಿ. ಲಾಟರಿ ಚೀಟಿ ಮಾರುವುದಾದರೆ ನಮ್ಮ ಪ್ರಾಂತವಾದ ಒಂಟಾರಿಯೊದಲ್ಲಿ ಪರವಾನಗಿ ಬೇಕು. ಗಣೇಶನ ಹಬ್ಬದ ಲಕ್ಕಿ ಡಿಪ್ ಹಾಗೆ ಸುಮ್ನೆ ಚೀಟಿ ಹರಿದು ಕೊಡುವಂತಿಲ್ಲ.

ನಾಲ್ಕು, ಅಕ್ಕಪಕ್ಕದ ಅಂಗಡಿಗಳು. ಇವರ ಹತ್ತಿರ ದುಡ್ಡು ಕೇಳೋದಕ್ಕಿಂತ ವಸ್ತು ಕೇಳೋದು ಸುಲಭ. ಒಂದು ಸಲಿಕೆ, ಒಂದು ಡಬ್ಬ ಬಿಳಿ ಬಣ್ಣ, ಹಬ್ಬಕ್ಕೆ ಹಾಲು. ಬೋರ್ಡು ಪೂರ್ತಿ ಬದಲಾಯಿಸುವಂಥ ದೊಡ್ಡ ಕೆಲಸಕ್ಕೆ ಒಂಟಾರಿಯೊ ಟ್ರಿಲಿಯಂ ಫೌಂಡೇಶನ್‌ನಂಥ ಕಡೆ ಅರ್ಜಿ ಹಾಕಬಹುದು. ಅದು ಪ್ರಾಂತ ಸರ್ಕಾರದ ಅನುದಾನ ಸಂಸ್ಥೆ.

ಬಂದ ದುಡ್ಡನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಕೆಲಸ ಮಾಡುವ ಜನಕ್ಕೆ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಸ್ವಲ್ಪ ದುಡ್ಡು ಕೂಡಿದ ತಕ್ಷಣ ಎಲ್ಲರ ಕಣ್ಣು ಹೋಗೋದು ಹಿಮ ತಳ್ಳುವ ದೊಡ್ಡ ಯಂತ್ರದ ಮೇಲೆ. ಯಂತ್ರ ಬೇಡ ಅನ್ನಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬರೋರು ಇಲ್ಲದೆ ರಿಂಕುಗಳು ಮುಚ್ಚಿದ್ದನ್ನು ಕಂಡಿದ್ದೇನೆ, ಯಂತ್ರ ಇಲ್ಲದೆ ಮುಚ್ಚಿದ್ದನ್ನು ಕಂಡಿಲ್ಲ. ಮೊದಲು ನಾಲ್ಕು ಜೊತೆ ನೀರು ಹಿಡಿಯದ ರಬ್ಬರ್ ಕೈಗವಸು ತನ್ನಿ. ತಲೆಗೆ ಕಟ್ಟುವ ದೀಪ ತನ್ನಿ. ಬೂಟಿಗೆ ಹಾಕುವ ಮುಳ್ಳುಪಟ್ಟಿ ತನ್ನಿ. ಬೀಗದ ಕೈ ಒಬ್ಬರ ಹತ್ತಿರವೇ ಇರದಂತೆ ಇನ್ನೂ ಮೂರು ಮಾಡಿಸಿ. ಗುಡಿಸಲಲ್ಲಿ ಒಂದು ಕೆಟಲ್ ಇಡಿ. ಕೈಗೆ ಬಿಸಿ ಲೋಟ ಸಿಕ್ಕರೆ ಜನ ಮಾರನೇ ವಾರವೂ ಬರುತ್ತಾರೆ.

ಲೆಕ್ಕದ ಹಾಳೆಯನ್ನು ಗುಡಿಸಲಿನ ಗೋಡೆಗೇ ಅಂಟಿಸಿ. ಎಷ್ಟು ಬಂತು, ಎಲ್ಲಿಗೆ ಹೋಯಿತು. ನಮ್ಮಲ್ಲಿ ಆ ಹಾಳೆ ನೋಡಿಯೇ ಇಬ್ಬರು ಚೆಕ್ ಬರೆದುಕೊಟ್ಟಿದ್ದಾರೆ.

ತಂಪು ಮಾಡುವ ಯಂತ್ರ ಹಾಕಿಸಿಬಿಟ್ಟರೆ ಈ ಪಾಡೆಲ್ಲ ತಪ್ಪುತ್ತಲ್ವಾ?

ತಪ್ಪುತ್ತದೆ, ಆದರೆ ಅದು ಬಡಾವಣೆಯ ಚಂದಾಕ್ಕೆ ನಿಲುಕುವ ಮಾತಲ್ಲ. ಕಾಂಕ್ರೀಟ್ ನೆಲದೊಳಗೆ ಕೊಳವೆಗಳ ಜಾಲ, ಅದರಲ್ಲಿ ಹರಿಯುವ ತಣ್ಣನೆ ಉಪ್ಪುನೀರು, ಅದನ್ನು ತಂಪು ಮಾಡುವ ಯಂತ್ರ, ನೋಡಿಕೊಳ್ಳಲು ಪರಿಣತ ನೌಕರರು, ಕರೆಂಟು ಬಿಲ್ಲು. ಟೊರೊಂಟೊ ನಗರ ಇಂಥ ಹೊರಾಂಗಣ ರಿಂಕುಗಳನ್ನು ಐವತ್ತಕ್ಕೂ ಹೆಚ್ಚು ನಡೆಸುತ್ತದೆ. ಒಟ್ಟಾವಾದಲ್ಲೂ ಸಿಟಿ ಹಾಲ್ ಮುಂದೆ ಒಂದಿದೆ. ಅವುಗಳಿಂದ ಸೊನ್ನೆಗಿಂತ ಮೇಲಿನ ದಿನಗಳಲ್ಲೂ ಸ್ಕೇಟ್ ಮಾಡಬಹುದು. ಅವು ಬೇಕು, ಸಿಟಿ ಇನ್ನೂ ಜಾಸ್ತಿ ಕಟ್ಟಲಿ. ಆದರೆ ಶಾಲೆಯಿಂದ ಬಂದ ಮಗು ಬ್ಯಾಗ್ ಎಸೆದು ನಡೆದೇ ಹೋಗುವಷ್ಟು ಹತ್ತಿರದ ರಿಂಕ್ ಬೇಕು ಅಂದರೆ ಪೈಪು ಹಿಡಿಯಲೇಬೇಕು.

ನನಗೆ ಸ್ಕೇಟಿಂಗೇ ಬರಲ್ಲ. ನಾನು ಬರಬಹುದಾ?

ಬನ್ನಿ. ನೀರು ಬಿಡೋದು ಬೂಟಿನಲ್ಲೇ. ನಮ್ಮ ಗುಂಪಿನ ಅತ್ಯುತ್ತಮ ನೀರುಗಂಟಿ ಒಬ್ಬರು ಅಜ್ಜಿ, ಸ್ಕೇಟ್ ಒಂದು ದಿನವೂ ಹಾಕಿಲ್ಲ. ಒಂಟಾರಿಯೊದಲ್ಲಿ ಹೈಸ್ಕೂಲ್ ಮುಗಿಸಲು ಮಕ್ಕಳು 40 ಗಂಟೆ ಸಮಾಜಸೇವೆ ಮಾಡಬೇಕು. ಶಾಲೆ ಒಪ್ಪಿದರೆ ರಿಂಕಿನ ಹಿಮ ತೆಗೆದದ್ದೂ ಅದರಲ್ಲಿ ಸೇರುತ್ತದೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಕಳಿಸಿ.

ಸ್ಕೇಟ್ ಕಲಿಯುವ ಆಸೆ ಇದ್ದರೆ ಹೊಸದು ಕೊಳ್ಳಬೇಡಿ. ಬಳಸಿದ್ದು ಕಮ್ಮಿಗೆ ಸಿಗುತ್ತದೆ, ಸಾಣೆ ಹಿಡಿಸಿಕೊಳ್ಳಿ ಅಷ್ಟೇ. ಊರಲ್ಲಿ ಚಕ್ರದ ಸ್ಕೇಟಿಂಗ್ ಮಾಡಿದ ಮಕ್ಕಳು ಬೇಗ ಹಿಡಿಯುತ್ತಾರೆ. ನಿಲ್ಲೋದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಹೆಲ್ಮೆಟ್ ದೊಡ್ಡವರಿಗೂ ಇರಲಿ.

ಹಾಕಿ ಆಡೋ ಹುಡುಗರಿಗೂ ಪುಟ್ಟ ಮಕ್ಕಳಿಗೂ ಜಗಳ ಬರಲ್ವಾ?

ಬರುತ್ತೆ. ಹೊತ್ತು ಬರೆದು ಹಾಕಿ: ಸಂಜೆ ಏಳರ ತನಕ ಕೋಲು, ಪಕ್ (ಚೆಂಡಿನ ಬದಲು ಹೊಡೆಯುವ ಚಪ್ಪಟೆ ಬಿಲ್ಲೆ) ಇಲ್ಲ, ಆಮೇಲೆ ಹಾಕಿ ಆಟ. ಪಕ್ಕದಲ್ಲಿ ಪಡ್ಲ್ ಇದ್ದರೆ ಅರ್ಧ ಜಗಳ ಕಮ್ಮಿ.

ಯಾರಾದರೂ ಬಿದ್ದು ಪೆಟ್ಟಾದರೆ ಜವಾಬ್ದಾರಿ ಯಾರದ್ದು?

ಸಿಟಿಯ ಜೊತೆ ಬರೆದುಕೊಳ್ಳುವ ಒಪ್ಪಂದದಲ್ಲಿ ವಿಮೆಯ ಮಾತು ಇರುತ್ತದೆ. ಸಹಿ ಹಾಕುವ ಮೊದಲು ಆ ಪುಟ ಓದಿ, ಗೊತ್ತಾಗದಿದ್ದರೆ ಕೇಳಿ. ದಿನವೂ ಐಸ್ ನೋಡಿದ್ದಕ್ಕೆ ಒಂದು ಪುಸ್ತಕದಲ್ಲಿ ತಾರೀಕು, ಹೊತ್ತು, ಸಹಿ ಹಾಕಿಡಿ.

ಕಾಲುವೆ, ಕೆರೆಯ ಐಸೂ ಇದೇ ತರಹನಾ?

ಖಂಡಿತ ಅಲ್ಲ. ಪಾರ್ಕಿನ ಐಸ್ ಒಡೆದರೆ ಕೆಳಗೆ ಹುಲ್ಲು. ಕೆರೆಯದು ಒಡೆದರೆ ಪ್ರಾಣಕ್ಕೇ ಅಪಾಯ. ಒಟ್ಟಾವಾದ ರಿಡೋ ಕಾಲುವೆಯ ಮೇಲೆ 7.8 ಕಿಲೋಮೀಟರ್ ಸ್ಕೇಟ್ ದಾರಿ ಇದೆ. ಅದನ್ನು ತೆರೆಯಲು ಸುಮಾರು 30 ಸೆಂಟಿಮೀಟರ್ ದಪ್ಪದ ಒಳ್ಳೆ ಐಸ್ ಬೇಕು. ಬಾವುಟ ಹಸಿರಾಗದೆ ಇಳಿಯಬೇಡಿ, ಬೇರೆ ಯಾರೋ ಇಳಿದಿದ್ದಾರೆ ಅಂತಲೂ ಇಳಿಯಬೇಡಿ.

ಚಳಿಯೇ ಕಮ್ಮಿಯಾಗುತ್ತಿದೆ ಅಂತಾರೆ. ಮುಂದೆ?

ನಮ್ಮೆಲ್ಲರ ಚಿಂತೆಯೂ ಇದೇ. 2022-23ರ ಚಳಿಗಾಲದಲ್ಲಿ ರಿಡೋ ಕಾಲುವೆಯ ಸ್ಕೇಟ್ ದಾರಿ ಒಂದು ದಿನವೂ ತೆರೆಯಲಿಲ್ಲ. ಶುರುವಾದಾಗಿನಿಂದ ಹಾಗಾಗಿದ್ದು ಅದೇ ಮೊದಲು. ಪಾರ್ಕಿನ ರಿಂಕ್ ತೆಳ್ಳಗಿರುವುದರಿಂದ ಅರ್ಧ ಕರಗಿದರೂ ನಾಲ್ಕು ಒಳ್ಳೆ ರಾತ್ರಿ ಸಿಕ್ಕರೆ ಮತ್ತೆ ಕಟ್ಟಬಹುದು, ಅಷ್ಟು ಸಮಾಧಾನ. ನೆರಳಿರುವ ಜಾಗ ಆರಿಸಿ. ಬೋರ್ಡಿನ ಒಳಮೈಗೆ ಬಿಳಿ ಬಣ್ಣ ಬಳಿಯಿರಿ, ಗಾಢ ಬಣ್ಣ ಬಿಸಿಲು ಹೀರಿ ಅಂಚಿನ ಐಸ್ ಕರಗಿಸುತ್ತದೆ. ಮಳೆ ಬಂದ ದಿನ ಬೀಗ ಹಾಕಿ, ಒಬ್ಬರನ್ನೂ ಬಿಡಬೇಡಿ.

ನಿಮ್ಮ ರಿಂಕಿನ ದಿನಗಳನ್ನು ಬರೆದಿಡಿ. ವಿಲ್ಫ್ರಿಡ್ ಲಾರಿಯೆ ವಿಶ್ವವಿದ್ಯಾಲಯದ ಭೂಗೋಳ ವಿಜ್ಞಾನಿಗಳು 2013ರಲ್ಲಿ ‘ರಿಂಕ್‌ವಾಚ್’ ಶುರು ಮಾಡಿದರು. ಹಿತ್ತಲಲ್ಲಿ, ಪಾರ್ಕಿನಲ್ಲಿ ರಿಂಕ್ ಮಾಡುವವರು ಇವತ್ತು ಸ್ಕೇಟ್ ಮಾಡಲು ಆಯಿತಾ ಇಲ್ಲವಾ ಅಂತ ಕಳಿಸಿದ ಟಿಪ್ಪಣಿಗಳೇ ಹವಾಮಾನದ ಅಧ್ಯಯನಕ್ಕೆ ಸಾಮಗ್ರಿ.

ನಮ್ಮ ದೇಶದಲ್ಲಿ ಇಂಥದ್ದು ಇದೆಯಾ?

ಇದೆ. ಶಿಮ್ಲಾದಲ್ಲಿ 1920ರಿಂದ ಒಂದು ರಿಂಕ್ ಇದೆ. ಸಂಜೆ ನೀರು ಹಾಕುತ್ತಾರೆ, ರಾತ್ರಿಯ ಚಳಿಗೆ ಕಟ್ಟುತ್ತದೆ, ಬೆಳಿಗ್ಗೆ ಸ್ಕೇಟ್. ಲಡಾಖ್‌ನಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಐಸ್ ಹಾಕಿ ಆಡುತ್ತಾರೆ. ಇದನ್ನು ಹೇಳಿದಾಗ ಅಪ್ಪ “ಹಾಗಾದ್ರೆ ಅಲ್ಲೂ ರಾತ್ರಿ ನೀರು ಕಟ್ಟೋರು ಇದಾರೆ” ಅಂದರು.

ಮಾರ್ಚ್ ಬಂತು, ಐಸ್ ಕರಗಿತು. ಇನ್ನೇನು ಕೆಲಸ?

ಕೆಸರಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ, ಹುಲ್ಲು ಹಾಳಾಗುತ್ತದೆ. ಪೈಪುಗಳನ್ನು ಬಿಸಿಲಿಗೆ ಹರಡಿ ಒಣಗಿಸಿ. ಸೀಳಿದ್ದಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಡಿ. ಬೋರ್ಡಿನ ಬಿಟ್ಟ ಮೊಳೆ, ಮುರಿದ ಹಲಗೆ ಎಣಿಸಿ ಪಟ್ಟಿ ಮಾಡಿ, ಸಿಟಿಗೆ ಕಳಿಸಿ. ಬೀಗದ ಕೈಗಳು ಯಾರ ಯಾರ ಹತ್ತಿರ ಇವೆ ಅಂತ ಬರೆದುಕೊಳ್ಳಿ. ಎಲ್ಲರ ಫೋನ್ ನಂಬರ್ ಇರುವ ಹಾಳೆಯನ್ನು ಕಳೆಯಬೇಡಿ, ಸೆಪ್ಟೆಂಬರ್‌ನಲ್ಲಿ ಅರ್ಜಿ ತುಂಬುವಾಗ ಮೊದಲು ಬೇಕಾಗೋದು ಅದೇ. ನಮ್ಮ ಹಾಳೆಯಲ್ಲಿ ಈ ಸಲ ಹದಿನೇಳು ಹೆಸರಿವೆ. ಬುಧವಾರ ರಾತ್ರಿಯ ಸರದಿ ಇನ್ನೂ ಖಾಲಿ ಇದೆ.